ಬಂಗಾರಪೇಟೆಯಲ್ಲಿ ಕೂತು ಬ್ಲೇಜಾರ್ ಅಳೆದದ್ದು: ಎಂಎಸ್ಸಿ ಪ್ರಾಜೆಕ್ಟ್ ಮುಗಿಸಿದವಳ ಅನುಭವ

ವೈವಾ ಮುಗಿದು ಇನ್ನೂ ಹೆಚ್ಚು ದಿನವಾಗಿಲ್ಲ. ನೆನಪು ಹಸಿಯಾಗಿರುವಾಗಲೇ ಬರೆದಿಟ್ಟರೆ ಯಾರಿಗಾದರೂ ಉಪಯೋಗವಾದೀತು ಅಂತ ಕೂತಿದ್ದೇನೆ. ಎಂಎಸ್ಸಿ ಭೌತಶಾಸ್ತ್ರದ ಕೊನೆಯ ಸೆಮಿಸ್ಟರಿಗೆ ನಾನು ಆರಿಸಿಕೊಂಡದ್ದು ಟಿಎಕ್ಸ್‌ಎಸ್ 0506+056 ಎಂಬ ಬ್ಲೇಜಾರ್, ಅಂದರೆ ಬಲು ದೂರದ ಗೆಲಾಕ್ಸಿಯೊಂದರ ಪ್ರಖರ ಕೇಂದ್ರ. ಫರ್ಮಿ ಬಾಹ್ಯಾಕಾಶ ದೂರದರ್ಶಕ ಹಿಡಿದ ಗಾಮಾ ಕಿರಣಗಳ ದತ್ತಾಂಶ ಇಳಿಸಿಕೊಂಡು, ಈ ಬ್ಲೇಜಾರ್ ಯಾವಾಗ ಎಷ್ಟು ಬೆಳಗಿತು ಎಂದು ಅಳೆಯುವುದು ಕೆಲಸ. ನಮ್ಮ ವಿಭಾಗದಲ್ಲಿ ಹಿಂದೆ ಯಾರೂ ಇದಕ್ಕೆ ಕೈ ಹಾಕಿರಲಿಲ್ಲ. ಕೇಳೋಣವೆಂದರೆ ಸೀನಿಯರ್‌ಗಳಿಲ್ಲ, ಓದೋಣವೆಂದರೆ ಕನ್ನಡದಲ್ಲಿ ನನ್ನ ಕೈಗೆ ಏನೂ ಸಿಗಲಿಲ್ಲ. ಮುಳಬಾಗಿಲು, ಚಿಂತಾಮಣಿ, ಮಾಲೂರು ಕಡೆಯಿಂದ ಮುಂದಿನ ವರ್ಷ ಯಾರಾದರೂ ಈ ದಾರಿ ಹಿಡಿದರೆ, ಅವರು ನನ್ನಷ್ಟು ಅಲೆಯಬಾರದು.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ದೊಡ್ಡ ಗೆಲಾಕ್ಸಿಗಳ ನಟ್ಟನಡುವೆ ಸೂರ್ಯನ ಲಕ್ಷಾಂತರ, ಕೋಟ್ಯಂತರ ಪಟ್ಟು ತೂಕದ ಕಪ್ಪುಕುಳಿ ಇರುತ್ತದೆ. ಸುತ್ತಲ ಅನಿಲ ಅದರೊಳಕ್ಕೆ ಸುತ್ತಿ ಸುತ್ತಿ ಬೀಳುವಾಗ, ಕೆಲವು ಗೆಲಾಕ್ಸಿಗಳಲ್ಲಿ ಒಂದಿಷ್ಟು ದ್ರವ್ಯ ಎರಡೂ ಧ್ರುವಗಳ ಕಡೆಯಿಂದ ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಚಿಮ್ಮುತ್ತದೆ. ಅದೇ ಜೆಟ್. ಎಂ87 ಗೆಲಾಕ್ಸಿಯಿಂದ ಹೊರಟ ನೇರ ಗೆರೆಯಂಥ ಜೆಟ್ಟನ್ನು ಹೀಬರ್ ಕರ್ಟಿಸ್ 1918ರಲ್ಲೇ ಗುರುತಿಸಿದ್ದರು. ಅದೇ ಗೆಲಾಕ್ಸಿಯ ಕಪ್ಪುಕುಳಿಯ ನೆರಳಿನ ಚಿತ್ರ 2019ರ ಏಪ್ರಿಲ್‌ನಲ್ಲಿ ಹೊರಬಂತು. ಇಂಥ ಜೆಟ್ ಹೆಚ್ಚೂಕಡಿಮೆ ನೇರವಾಗಿ ಭೂಮಿಯ ಕಡೆಗೇ ಮುಖ ಮಾಡಿದ್ದರೆ ಅದು ಬ್ಲೇಜಾರ್. ನಮ್ಮತ್ತ ಧಾವಿಸುವ ದ್ರವ್ಯದ ಬೆಳಕು ಸಾಪೇಕ್ಷತೆಯ ಕಾರಣದಿಂದ ಬಹಳ ಹೆಚ್ಚಿ ಕಾಣುತ್ತದೆ, ಅದರ ಏರಿಳಿತವೂ ಬೇಗಬೇಗ ನಡೆದಂತೆ ತೋರುತ್ತದೆ. ಹೀಗಾಗಿ ನೂರಾರು ಕೋಟಿ ಜ್ಯೋತಿರ್ವರ್ಷ ಆಚೆಯ ವಸ್ತುವೊಂದು ದಿನದಿಂದ ದಿನಕ್ಕೆ ಬದಲಾಗುವುದನ್ನು ನಾವು ಇಲ್ಲಿ ಕೂತು ನೋಡಬಹುದು.

ಸಾವಿರಾರು ಬ್ಲೇಜಾರ್‌ಗಳಿರುವಾಗ ಇದೊಂದೇ ಯಾಕೆ ಅಂತ ಎಲ್ಲರೂ ಕೇಳಿದರು. ಇದಕ್ಕೆ ನಮ್ಮ ಜಿಲ್ಲೆಯೇ ಕಾರಣ. 2017ರ ಸೆಪ್ಟೆಂಬರ್ 22ರಂದು ದಕ್ಷಿಣ ಧ್ರುವದ ಹಿಮದೊಳಗೆ ಹೂತಿರುವ ಐಸ್‌ಕ್ಯೂಬ್ ಉಪಕರಣ ಒಂದು ನ್ಯೂಟ್ರಿನೊವನ್ನು, ಅಂದರೆ ಯಾವುದಕ್ಕೂ ಸುಲಭವಾಗಿ ತಾಗದೆ ಹಾದುಹೋಗುವ ಅತಿ ಹಗುರ ಕಣವನ್ನು, ಹಿಡಿಯಿತು. ಅದರ ಶಕ್ತಿ ಸುಮಾರು 290 ಟೆರಾ ಎಲೆಕ್ಟ್ರಾನ್ ವೋಲ್ಟ್ (ಎಲೆಕ್ಟ್ರಾನ್ ವೋಲ್ಟ್ ಎಂದರೆ ಕಣಗಳ ಶಕ್ತಿಯ ಅಳತೆ, ಟೆರಾ ಎಂದರೆ ಲಕ್ಷ ಕೋಟಿ) ಎಂದು ಅಂದಾಜಾಯಿತು. ಅದು ಬಂದ ದಿಕ್ಕಿನಲ್ಲಿ, ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಹೆಗಲ ಹತ್ತಿರ, ಇದೇ ಬ್ಲೇಜಾರ್ ಆಗ ಗಾಮಾ ಕಿರಣದಲ್ಲಿ ಉರಿಯುತ್ತಿದೆ ಎಂದು ಫರ್ಮಿ ತಂಡ ಕೆಲವೇ ದಿನಗಳಲ್ಲಿ ತಿಳಿಸಿತು. ನಮ್ಮ ಊರಿನಿಂದ ಕೂಗಳತೆಯಲ್ಲಿರುವ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಹಿಡಿದಿದ್ದರು. ಇಡೀ ಜಗತ್ತಿನಲ್ಲಿ ಆ ಕೆಲಸ ಮೊದಲು ಮಾಡಿದ ಎರಡು ಗುಂಪುಗಳಲ್ಲಿ ಅದೊಂದು. ಇನ್ನೊಂದು ದಕ್ಷಿಣ ಆಫ್ರಿಕಾದ ಗಣಿಯಲ್ಲಿತ್ತು. ಕೆಜಿಎಫ್ ಅಂದರೆ ಚಿನ್ನ ಮತ್ತು 2001ರಲ್ಲಿ ಮುಚ್ಚಿದ ಗಣಿ ಅಂತಷ್ಟೇ ಕೇಳಿ ಬೆಳೆದ ನನಗೆ, ಬಿಎಸ್ಸಿಯಲ್ಲಿ ಇದು ಗೊತ್ತಾದಾಗ ಮೈ ಜುಮ್ಮೆಂದಿತ್ತು. ಇಲ್ಲಿ ಹಿಡಿದದ್ದು ನಮ್ಮ ಗಾಳಿಯಲ್ಲೇ ಹುಟ್ಟಿದ ನ್ಯೂಟ್ರಿನೊ. ಆ 2017ರದ್ದು ಬ್ಲೇಜಾರ್‌ನಿಂದಲೇ ಬಂದಿದ್ದರೆ, ಬೆಳಕಿನ ಲೆಕ್ಕದಲ್ಲಿ ಸುಮಾರು 400 ಕೋಟಿ ವರ್ಷ ನಡೆದು ಬಂದದ್ದು. ಎರಡನ್ನೂ ಒಂದೇ ಸಿನಾಪ್ಸಿಸ್‌ನಲ್ಲಿ ಬರೆಯಲೇಬೇಕು ಅನ್ನಿಸಿತು.

ಸಿನಾಪ್ಸಿಸ್ ಬರೆಯುವುದು ಸುಲಭವಾಯಿತು, ಗೈಡ್ ಸಿಗುವುದು ಕಷ್ಟವಾಯಿತು. ಕಾಲೇಜಿನ ಸಾರ್ ಘನಸ್ಥಿತಿ ಭೌತಶಾಸ್ತ್ರದವರು. ಒಳ್ಳೆಯ ಮನಸ್ಸಿನಿಂದ ಒಪ್ಪಿದರು. "ನನಗೆ ಇದು ಬರಲ್ಲಮ್ಮ, ಹೊರಗಿನಿಂದ ಒಬ್ಬರನ್ನ ಸಹ ಮಾರ್ಗದರ್ಶಕರಾಗಿ ನೀನೇ ಹುಡುಕಿಕೊ, ಸಹಿ ನಾನು ಹಾಕ್ತೀನಿ" ಅಂದರು. ಬೆಂಗಳೂರಿನ ಸಂಸ್ಥೆಗಳ ಜಾಲತಾಣಗಳಲ್ಲಿ ಬ್ಲೇಜಾರ್ ಮೇಲೆ ಕೆಲಸ ಮಾಡುವವರ ಹೆಸರು ಹುಡುಕಿ ಮೇಲ್ ಹಾಕುತ್ತಾ ಹೋದೆ. ಹೆಚ್ಚಿನವಕ್ಕೆ ಉತ್ತರವೇ ಇಲ್ಲ. ದಿನಕ್ಕೆ ಎಷ್ಟು ಸಲ ಮೇಲ್ ತೆರೆದು ನೋಡುತ್ತಿದ್ದೆನೋ. ಕೊನೆಗೆ ಒಬ್ಬರು ಮೇಡಂ ಬರೆದರು: ಬಂದು ಮಾತಾಡಿ, ಆದರೆ ಬರುವ ಮೊದಲು ಆ ನ್ಯೂಟ್ರಿನೊ ಮತ್ತು ಈ ಬ್ಲೇಜಾರ್ ಸಂಬಂಧದ ಬಗ್ಗೆ 2018ರಲ್ಲಿ ಬಂದ ಸಂಶೋಧನಾ ಲೇಖನ ಓದಿಕೊಂಡು ಬನ್ನಿ. ನನ್ನ ಮೊದಲ ಮೇಲ್‌ಗಳಲ್ಲಿ "ನನಗೆ ಖಗೋಳದಲ್ಲಿ ಆಸಕ್ತಿ" ಅಂತಷ್ಟೇ ಇತ್ತು. ಉತ್ತರ ತಂದ ಮೇಲ್‌ನಲ್ಲಿ ಯಾವ ಬ್ಲೇಜಾರ್, ಯಾವ ದತ್ತಾಂಶ, ಯಾವ ಪ್ರಶ್ನೆ, ಯಾವ ತಿಂಗಳೊಳಗೆ ಮುಗಿಯಬೇಕು ಎಂದು ನಾಲ್ಕು ಸಾಲು ಇತ್ತು. ನೀವು ನೇರ ಆ ನಾಲ್ಕು ಸಾಲಿನಿಂದಲೇ ಶುರುಮಾಡಿ.

ಮೇಡಂ ಒಪ್ಪಿದ ಮೇಲೆ ಕಾಗದಗಳ ಸರದಿ. ಸಂಸ್ಥೆಗೆ ಕಾಲೇಜಿನಿಂದ ಬೋನಫೈಡ್, ವಿಭಾಗದ ಮುಖ್ಯಸ್ಥರ ನಿರಾಕ್ಷೇಪಣಾ ಪತ್ರ, ಒಂದು ಶಿಫಾರಸು ಪತ್ರ, ಹಿಂದಿನ ಸೆಮಿಸ್ಟರುಗಳ ಅಂಕಪಟ್ಟಿ, ಆಧಾರ್ ನಕಲು, ಎರಡು ಫೋಟೊ ಬೇಕಿತ್ತು. ಮೂರನೇ ಸೆಮಿಸ್ಟರಿನ ಅಂಕಪಟ್ಟಿ ಇನ್ನೂ ಬಂದಿರಲಿಲ್ಲ, ಆನ್‌ಲೈನ್ ಫಲಿತಾಂಶದ ಪ್ರಿಂಟಿಗೆ ಮುಖ್ಯಸ್ಥರ ಸಹಿ ಮತ್ತು ಸೀಲು ಹಾಕಿಸಿದರೆ ಸಾಕು ಎಂದು ಫೋನಿನಲ್ಲಿ ವಿಚಾರಿಸಿದ ಮೇಲೆ ತಿಳಿಯಿತು. ಅಷ್ಟರಲ್ಲಿ ಮುಖ್ಯಸ್ಥರು ಮೌಲ್ಯಮಾಪನಕ್ಕೆ ಹೋಗಿದ್ದರು. ಅವರು ಬರುವವರೆಗೆ ಕಾಯದೆ ಬೇರೆ ದಾರಿಯಿರಲಿಲ್ಲ. ಪರೀಕ್ಷೆ ಮುಗಿದ ತಕ್ಷಣದ ವಾರಗಳಲ್ಲಿ ಸಹಿ ಸಿಗುವುದಿಲ್ಲ, ಹಾಗಾಗಿ ಪರೀಕ್ಷೆ ನಡೆಯುತ್ತಿರುವಾಗಲೇ ಪತ್ರಗಳನ್ನು ಟೈಪು ಮಾಡಿಸಿ ಕೊಟ್ಟುಬಿಡಿ. ಪ್ರತಿಯೊಂದರ ಎರಡು ಮೂಲಪ್ರತಿ ಇಟ್ಟುಕೊಳ್ಳಿ, ಗೇಟಿನಲ್ಲಿ ಒಂದು ಇಟ್ಟುಕೊಳ್ಳುತ್ತಾರೆ.

ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನ ಸೀಸನ್ ಪಾಸ್ ಮಾಡಿಸಿದೆ. ಈ ಇಡೀ ಪ್ರಯಾಣದಲ್ಲಿ ಅತ್ಯಂತ ಅಗ್ಗಕ್ಕೆ ಸಿಕ್ಕಿದ್ದು ಅದೇ. ಬಸ್ಸಿನಲ್ಲಿ ಹೋದ ದಿನ ಹೊಸಕೋಟೆ ದಾಟುವಾಗ ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. ಅಲ್ಲಿನ ಕೇಂದ್ರದಲ್ಲಿ ಕೂತೇ ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಕೋಲಾರದ ಬಸ್ಸುಗಳು ಹಾದುಹೋಗುವ ಊರಿನಿಂದ ಹಾನ್ಲೆಯ ಆಕಾಶ ನೋಡುತ್ತಾರೆ ಎಂಬುದನ್ನು ನಮ್ಮ ಕಡೆಯ ಪ್ರತಿ ಹೈಸ್ಕೂಲಿನಲ್ಲೂ ಹೇಳಬೇಕು.

ಇನ್ನು ಕಂಪ್ಯೂಟರು. ಫರ್ಮಿಯ ದತ್ತಾಂಶ ಪೂರ್ತಿ ಉಚಿತ. ಅನುಮತಿ, ನೋಂದಣಿ, ಶುಲ್ಕ ಏನೂ ಇಲ್ಲ. ಬಂಗಾರಪೇಟೆಯ ಹುಡುಗಿಗೂ ಅಮೆರಿಕದ ಪ್ರೊಫೆಸರಿಗೂ ಸಿಗುವುದು ಅದೇ ಫೈಲು. ಅದನ್ನು ಬಿಡಿಸುವ ಫರ್ಮಿಟೂಲ್ಸ್ ತಂತ್ರಾಂಶವೂ ಉಚಿತ, ಅದರ ಮೇಲೆ ಕೆಲಸ ಹಗುರ ಮಾಡುವ ಫರ್ಮಿಪೈ ಕೂಡ. ಆದರೆ ಇವು ವಿಂಡೋಸ್ ಮೇಲೆ ನೇರವಾಗಿ ಓಡುವುದಿಲ್ಲ. ವಿಂಡೋಸಿನೊಳಗೇ ಲಿನಕ್ಸ್ ಪದರ ಹಾಕಿ, ಅದರಲ್ಲಿ ಕೊಂಡಾ ಎಂಬ ತಂತ್ರಾಂಶ ಅಳವಡಿಸುವ ಸಾಧನದ ಮೂಲಕ ಇದಕ್ಕೇ ಪ್ರತ್ಯೇಕ ಪರಿಸರ ಮಾಡಿಕೊಳ್ಳಬೇಕು. ಬೇರೆ ಪ್ರಾಜೆಕ್ಟಿನ ಪೈಥಾನ್ ಪರಿಸರದಲ್ಲಿ ಇದನ್ನು ಸೇರಿಸಲು ಹೋಗಬೇಡಿ, ಆವೃತ್ತಿಗಳು ಒಂದಕ್ಕೊಂದು ಕಚ್ಚಾಡುತ್ತವೆ. ನನ್ನ ಲ್ಯಾಪ್‌ಟಾಪಿನಲ್ಲಿ ಇದ್ದ ರ್‍ಯಾಮ್ ಸಾಲಲಿಲ್ಲ. ಅಣ್ಣ ತನ್ನ ಸಂಬಳದಲ್ಲಿ ರ್‍ಯಾಮ್ ಹಾಕಿಸಿಕೊಟ್ಟ, ಜೊತೆಗೆ ಹೊರಗಿನ ಹಾರ್ಡ್ ಡಿಸ್ಕ್ ಕೊಡಿಸಿದ. ಎರಡೂ ಸೇರಿ ಏಳು ಸಾವಿರದ ಆಸುಪಾಸು, ನಮ್ಮ ಮನೆಗೆ ಅದು ದೊಡ್ಡ ಮೊತ್ತ.

ದತ್ತಾಂಶ ಕೇಳುವ ಫಾರಂನಲ್ಲಿ ಆಕಾಶದ ಜಾಗ, ತ್ರಿಜ್ಯ, ಕಾಲ, ಶಕ್ತಿ ತುಂಬಬೇಕು. ಫರ್ಮಿಯ ಗಡಿಯಾರ 2001ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತದೆ, ತಾರೀಖು ಬದಲಿಸಿಕೊಳ್ಳಲು ಅವರದೇ ಪರಿವರ್ತಕ ಬಳಸಿ. ದೂರದರ್ಶಕ ಹಾರಿದ್ದು 2008ರ ಜೂನ್ 11ಕ್ಕೆ, ವಿಜ್ಞಾನದ ದತ್ತಾಂಶ ಶುರುವಾಗುವುದು ಅದೇ ಆಗಸ್ಟ್ 4ರಿಂದ. ಅಲ್ಲಿಂದ 2018ರ ಮಾರ್ಚ್ ನಡುವಿನವರೆಗೆ ಮಾತ್ರ ತೆಗೆದುಕೊ ಎಂದು ಮೇಡಂ ಹೇಳಿದರು. 2018ರ ಮಾರ್ಚ್ 16ರಂದು ದೂರದರ್ಶಕದ ಒಂದು ಸೌರಫಲಕ ತಿರುಗುವುದು ನಿಂತಿತು. ಅಲ್ಲಿಯವರೆಗೆ ಮೂರು ಗಂಟೆಗೊಮ್ಮೆ ಇಡೀ ಆಕಾಶವನ್ನು ಹೆಚ್ಚುಕಡಿಮೆ ಸಮವಾಗಿ ಗುಡಿಸುತ್ತಿದ್ದುದು, ಆಮೇಲೆ ಬೇರೆ ಕ್ರಮದಲ್ಲಿ ನೋಡತೊಡಗಿತು. ಆ ನಂತರದ ಲೆಕ್ಕವೂ ಮಾಡಬಹುದು, ಆದರೆ ಮೊದಲ ಸಲ ಮಾಡುವವರಿಗೆ ಈ ಗಡಿ ಒಳ್ಳೆಯದು.

ಫೋಟಾನ್, ಅಂದರೆ ದೂರದರ್ಶಕ ಹಿಡಿದ ಒಂದೊಂದು ಗಾಮಾ ಕಿರಣದ ಕಣದ, ಫೈಲುಗಳು ಬೇಗ ಇಳಿದವು. ದೂರದರ್ಶಕ ಪ್ರತಿ ಕ್ಷಣ ಎಲ್ಲಿತ್ತು, ಎತ್ತ ನೋಡುತ್ತಿತ್ತು ಎಂಬ ಫೈಲು ಮಾತ್ರ ಬಲು ದೊಡ್ಡದು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಅದು ಅರ್ಧಕ್ಕೆ ಕಡಿದುಹೋಗುತ್ತಿತ್ತು. ಕಡಿದಲ್ಲಿಂದಲೇ ಮುಂದುವರಿಸುವ ಡೌನ್‌ಲೋಡ್ ಆಜ್ಞೆ ಬಳಸಿದರೆ ಡೇಟಾ ಪ್ಯಾಕ್ ಉಳಿಯುತ್ತದೆ. ಅದಿಲ್ಲದಿದ್ದರೆ ಕಾಲೇಜಿನ ವೈಫೈ ಬೆಳಗ್ಗೆ ಬೇಗ ಖಾಲಿ ಇರುತ್ತದೆ, ಆಗಲೇ ಹೋಗಿ ಕೂತುಕೊಳ್ಳಿ.

ನಿಜವಾದ ಕಾಯುವಿಕೆ ಇದಾದ ಮೇಲೆ. ಆಕಾಶದ ಪ್ರತಿ ಚುಕ್ಕೆಯನ್ನು ದೂರದರ್ಶಕ ಯಾವ ಕೋನದಲ್ಲಿ ಎಷ್ಟು ಹೊತ್ತು ನೋಡಿತು ಎಂದು ಒಟ್ಟು ಮಾಡುವ ಒಂದು ಹಂತವಿದೆ, ಅದರ ಹೆಸರು ಜಿಟಿಎಲ್‌ಟಿಕ್ಯೂಬ್. ವರ್ಷಗಟ್ಟಲೆ ದತ್ತಾಂಶ ಕೊಟ್ಟರೆ ನನ್ನಂಥ ಲ್ಯಾಪ್‌ಟಾಪಿನಲ್ಲಿ ಅದು ರಾತ್ರಿ ಪೂರ್ತಿ ಓಡಿ ಬೆಳಗಾದರೂ ಮುಗಿಯುವುದಿಲ್ಲ. ನಮ್ಮ ಬೀದಿಯಲ್ಲಿ ರಾತ್ರಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು, ಲ್ಯಾಪ್‌ಟಾಪಿನ ಬ್ಯಾಟರಿಯೋ ಹಳೆಯದು. ಮುಕ್ಕಾಲು ಓಡಿದ್ದು ಸತ್ತು ಮತ್ತೆ ಸೊನ್ನೆಯಿಂದ ಶುರುವಾದ ಬೆಳಗ್ಗೆ ನಾನು ಅತ್ತಿದ್ದೇನೆ. ಅಮ್ಮ ಕಾಫಿ ತಂದಿಟ್ಟು, "ಬೇರೆ ಏನಾದ್ರೂ ಸಣ್ಣದು ತಗೊಂಡಿದ್ರೆ ಆಗ್ತಿರ್ಲಿಲ್ವಾ ಮಗಳೇ" ಅಂದರು. ಆಗಲೂ ಬಿಡಬೇಕು ಅನ್ನಿಸಲಿಲ್ಲ. ಕಾಲವನ್ನು ವರ್ಷ ವರ್ಷದ ತುಂಡು ಮಾಡಿ ಒಂದೊಂದನ್ನೇ ಓಡಿಸಿ, ಕೊನೆಗೆ ಕೂಡಿಸುವ ಸೌಲಭ್ಯ ತಂತ್ರಾಂಶದಲ್ಲೇ ಇದೆ ಎಂದು ಮೇಡಂ ಹೇಳಿದ ಮೇಲೆ ಕೆಲಸ ಹಿಡಿತಕ್ಕೆ ಬಂತು. ಒಂದು ತುಂಡು ಹಾಳಾದರೆ ಅದೊಂದನ್ನೇ ಮತ್ತೆ ಓಡಿಸಿದರಾಯಿತು. ಊರಿನಲ್ಲಿ ಕೂತು ಮಾಡುವ ಎಲ್ಲರಿಗೂ ಇದೇ ದಾರಿ.

ಈಗ ಈ ಬ್ಲೇಜಾರ್‌ನದೇ ತೊಡಕು. ಇದರಿಂದ 1.2 ಡಿಗ್ರಿ ದೂರದಲ್ಲಿ ಪಿಕೆಎಸ್ 0502+049 ಎಂಬ ಇನ್ನೊಂದು ಬ್ಲೇಜಾರ್ ಇದೆ, ಅದೂ ಆಗಾಗ ಭುಗಿಲೇಳುತ್ತದೆ. ಫರ್ಮಿಯಲ್ಲಿ ಮಸೂರವೂ ಇಲ್ಲ, ಕನ್ನಡಿಯೂ ಇಲ್ಲ. ಒಳಬಂದ ಗಾಮಾ ಕಿರಣ ಟಂಗ್‌ಸ್ಟನ್ ಹಾಳೆಗೆ ತಾಗಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಜೋಡಿಯಾಗುತ್ತದೆ. ಸಿಲಿಕಾನ್ ಪದರಗಳಲ್ಲಿ ಆ ಜೋಡಿ ಬಿಟ್ಟುಹೋದ ಜಾಡಿನಿಂದ ಕಿರಣ ಎತ್ತಣಿಂದ ಬಂತೆಂದು ಲೆಕ್ಕ ಹಾಕುತ್ತಾರೆ. ಕಡಿಮೆ ಶಕ್ತಿಯ ಜೋಡಿ ದಾರಿಯಲ್ಲಿ ಚದುರಿ ಜಾಡು ಸೊಟ್ಟಗಾಗುತ್ತದೆ. 100 ಮೆಗಾ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ದಿಕ್ಕಿನ ಅನಿಶ್ಚಿತತೆ ಸುಮಾರು 5 ಡಿಗ್ರಿ, 1 ಗಿಗಾದಲ್ಲಿ ಒಂದು ಡಿಗ್ರಿಗಿಂತ ಒಳಗೆ. ಅಂದಮೇಲೆ ಕೆಳಗಿನ ಶಕ್ತಿಯಲ್ಲಿ ಈ ಎರಡರ ಫೋಟಾನ್‌ಗಳು ಕಲಸಿಹೋಗುತ್ತವೆ. 2014ರ ಆಸುಪಾಸಿನಲ್ಲಿ ನನ್ನ ಗ್ರಾಫಿನಲ್ಲಿ ಎದ್ದ ಉಬ್ಬು ನಮ್ಮ ಬ್ಲೇಜಾರ್‌ನದೋ ನೆರೆಯದೋ ತಿಳಿಯದೆ ವಾರಗಟ್ಟಲೆ ಒದ್ದಾಡಿದೆ.

ಇಲ್ಲಿ ಮೇಡಂ ಹೇಳಿಕೊಟ್ಟದ್ದು ನನಗೆ ಇಡೀ ಎಂಎಸ್ಸಿಯ ದೊಡ್ಡ ಪಾಠ. "ನೋಡಮ್ಮ, ನೆರೆಯ ಮೂಲದ ಪ್ರಕಾಶವನ್ನ ಕ್ಯಾಟಲಾಗಿನ, ಅಂದ್ರೆ ಫರ್ಮಿ ಕಂಡ ಮೂಲಗಳ ಪಟ್ಟಿಯ, ಸರಾಸರಿಗೆ ಕಟ್ಟಿಹಾಕಿದರೆ, ಅದು ಉರಿದ ತಿಂಗಳಲ್ಲಿ ಅದರ ಫೋಟಾನೆಲ್ಲ ನಿನ್ನ ಲೆಕ್ಕಕ್ಕೆ ಬಂದು ಬೀಳತ್ತೆ. ಪ್ರತಿ ತಿಂಗಳೂ ಎರಡರ ಪ್ರಕಾಶವನ್ನೂ ಬದಲಾಗೋಕೆ ಬಿಟ್ಟು ನೋಡು." ಹಾಗೆ ಎರಡನ್ನೂ ಸ್ವತಂತ್ರವಾಗಿ ಬಿಟ್ಟು ಓಡಿಸಿದೆ. ಆಮೇಲೆ 1 ಗಿಗಾ ಎಲೆಕ್ಟ್ರಾನ್ ವೋಲ್ಟ್‌ಗಿಂತ ಮೇಲಿನ ಫೋಟಾನ್ ಮಾತ್ರ ತೆಗೆದುಕೊಂಡು ಬೇರೆಯಾಗಿ ಇನ್ನೊಂದು ಸಲ ಮಾಡಿದೆ. ಎರಡರಲ್ಲೂ ನಿಂತದ್ದನ್ನು ಮಾತ್ರ ಬರೆದೆ. ಆ ಉಬ್ಬಿನ ಬಹುಪಾಲು ನೆರೆಯದಾಗಿತ್ತು. ನೀವು ಯಾವ ಬ್ಲೇಜಾರ್ ಆರಿಸಿದರೂ ಮೊದಲು ಕ್ಯಾಟಲಾಗ್ ತೆರೆದು ಅಕ್ಕಪಕ್ಕ ಯಾರಿದ್ದಾರೆ ನೋಡಿ. ಒಂಟಿಯಾಗಿ ಪ್ರಖರವಾಗಿ ಇರುವ ಮೂಲ ಬೇಕೆಂದರೆ ಮಾರ್ಕೇರಿಯನ್ 421 ಅಥವಾ 3ಸಿ 454.3 ಒಳ್ಳೆಯವು; ಎರಡನೆಯದು 2010ರ ನವೆಂಬರಿನಲ್ಲಿ ಆಕಾಶದ ಬೇರೆಲ್ಲ ಬ್ಲೇಜಾರ್‌ಗಳನ್ನೂ ಮೀರಿಸಿ ಉರಿದಿತ್ತು. ಫರ್ಮಿ ತಂಡವೇ ಪ್ರಕಟಿಸಿರುವ ಲೈಟ್ ಕರ್ವ್ (ಕಾಲದ ಜೊತೆ ಪ್ರಕಾಶ ಬದಲಾಗುವ ಗ್ರಾಫ್) ಭಂಡಾರವೂ ಇದೆ. ನಿಮ್ಮ ಗ್ರಾಫನ್ನು ಅದರ ಪಕ್ಕ ಇಟ್ಟು ನೋಡಿ, ಆಕಾರವೇ ಬೇರೆಯಿದ್ದರೆ ಮುಂದೆ ಹೋಗಬೇಡಿ. ಸಂಕೇತ ಸಾಲದಷ್ಟು ಮಂಕಾದ ತಿಂಗಳುಗಳಲ್ಲಿ ಬಿಂದು ಇಡದೆ, ಪ್ರಕಾಶ ಇದಕ್ಕಿಂತ ಹೆಚ್ಚಿರಲಾರದು ಎಂದು ತೋರಿಸುವ ಮೇಲ್ಮಿತಿಯ ಬಾಣ ಹಾಕಬೇಕು. ಗ್ರಾಫ್ ಚೆಂದ ಕಾಣಲಿ ಅಂತ ಬಾಣಗಳನ್ನು ಅಳಿಸುವವರಿದ್ದಾರೆ, ಅದು ತಪ್ಪು.

2017ರ ಏಪ್ರಿಲ್‌ನಿಂದ ಮೇಲೇರುತ್ತಾ ಹೋಗುವ ಬಿಂದುಗಳು ನನ್ನದೇ ಪರದೆಯ ಮೇಲೆ ಮೂಡಿದ ರಾತ್ರಿ ಮನೆಯವರೆಲ್ಲ ಮಲಗಿದ್ದರು. ಲೇಖನದಲ್ಲಿ ಓದಿದ್ದೇ ಅದು, ಹೊಸದೇನಲ್ಲ. ಆದರೂ ಆ ಏರಿಕೆಯ ನಡುವೆ ಸೆಪ್ಟೆಂಬರ್ 22ಕ್ಕೆ ಒಂದು ನೇರ ಗೆರೆ ಎಳೆದಾಗ ಕೈ ನಡುಗಿತು. ಎಲೆಕ್ಟ್ರಾನ್‌ಗಳು ಮಾತ್ರ ಇರುವ ಜೆಟ್ಟಿನಿಂದ ಗಾಮಾ ಕಿರಣ ಬರಬಹುದು, ನ್ಯೂಟ್ರಿನೊ ಬರಲಾರದು. ಅದಕ್ಕೆ ಪ್ರೋಟಾನ್ ಬೇಕು: ವೇಗದ ಪ್ರೋಟಾನ್ ಅಲ್ಲಿನ ಬೆಳಕಿಗೆ ಡಿಕ್ಕಿ ಹೊಡೆದು ಪಯಾನ್ ಎಂಬ ಅಲ್ಪಾಯುಷಿ ಕಣ ಹುಟ್ಟಬೇಕು, ಆ ಪಯಾನ್ ಒಡೆದು ನ್ಯೂಟ್ರಿನೊ ಬರಬೇಕು. ವಿಶ್ವಕಿರಣಗಳು (ಬಾಹ್ಯಾಕಾಶದಿಂದ ಬರುವ, ಪ್ರೋಟಾನಿನಂಥ ವೇಗದ ಕಣಗಳು) ಎಲ್ಲಿ ಹುಟ್ಟುತ್ತವೆ ಎಂಬ ನೂರು ವರ್ಷ ದಾಟಿದ ಪ್ರಶ್ನೆಗೆ ಈ ಒಂದು ಗೆರೆ ಒಂದು ಸುಳಿವು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ನೇರ ಅಲ್ಲಿಗೇ ಬಂದರು. "2014ರ ಕೊನೆಯಿಂದ 2015ರ ಮೊದಲವರೆಗೆ ಇದೇ ದಿಕ್ಕಿನಿಂದ ಹಿನ್ನೆಲೆಗಿಂತ ಹೆಚ್ಚಾಗಿ ಹದಿಮೂರರಷ್ಟು ನ್ಯೂಟ್ರಿನೊ ಬಂದಿದ್ದವಲ್ಲ, ಆಗ ನಿಮ್ಮ ಗ್ರಾಫಿನಲ್ಲಿ ಉರಿ ಎಲ್ಲಿದೆ?" ಉರಿ ಇಲ್ಲ ಸಾರ್, ಆ ಕಾಲದಲ್ಲಿ ಗಾಮಾ ಕಿರಣ ತಗ್ಗಿನಲ್ಲೇ ಇದೆ, ಅಂದೆ. "ಹಾಗಾದರೆ 2017ರದ್ದು ಕಾಕತಾಳೀಯ ಇರಬಹುದಲ್ಲ?" ಇರಬಹುದು ಸಾರ್, ಆ ಸಂಬಂಧದ ಖಚಿತತೆ 3 ಸಿಗ್ಮಾ (ಆಕಸ್ಮಿಕವಲ್ಲ ಎಂಬ ಭರವಸೆಯ ಅಳತೆ) ಮಾತ್ರ, ಆವಿಷ್ಕಾರ ಅನ್ನಲು 5 ಬೇಕು, ನ್ಯೂಟ್ರಿನೊ ಹುಟ್ಟುವ ದಟ್ಟ ಜಾಗದಲ್ಲೇ ಗಾಮಾ ಕಿರಣ ಹೀರಿಹೋಗಿ ಕೆಳಗಿನ ಶಕ್ತಿಗೆ ಇಳಿಯುವ ಸಾಧ್ಯತೆಯೂ ಇದೆ, ಅಂದೆ. ಆಮೇಲೆ ಏರಿಳಿತದ ಕಾಲದಿಂದ ಉರಿಯುವ ಭಾಗದ ಗಾತ್ರ ಹೇಗೆ ತಿಳಿಯುತ್ತದೆ ಎಂದು ಬೋರ್ಡಿನ ಮೇಲೆ ಬಿಡಿಸಲು ಹೇಳಿದರು. ಬೆಳಕು ಅಷ್ಟು ಹೊತ್ತಿನಲ್ಲಿ ಎಷ್ಟು ದೂರ ಹೋಗಬಲ್ಲದೋ ಅದನ್ನು ಡಾಪ್ಲರ್ ಅಂಶದಿಂದ (ನಮ್ಮತ್ತ ಧಾವಿಸುವುದರಿಂದ ಏರಿಳಿತ ಎಷ್ಟು ಪಟ್ಟು ಬೇಗ ಕಾಣುತ್ತದೆ ಎಂಬ ಸಂಖ್ಯೆ) ಗುಣಿಸಿ, ಕೆಂಪುಪಲ್ಲಟಕ್ಕೆ (ವಿಶ್ವ ಹಿಗ್ಗುವುದರಿಂದ ಬೆಳಕಿನ ಅಲೆ ಎಷ್ಟು ಹಿಗ್ಗಿದೆ ಎಂಬ ಸಂಖ್ಯೆ) ಒಂದು ಸೇರಿಸಿ ಅದರಿಂದ ಭಾಗಿಸಿದರೆ ಮೇಲ್ಮಿತಿ ಸಿಗುತ್ತದೆ. ಈ ಬ್ಲೇಜಾರ್‌ನ ಕೆಂಪುಪಲ್ಲಟ 0.3365. ಈ ಲೆಕ್ಕವನ್ನು ಕಾಗದ ನೋಡದೆ ಮಾಡಲು ಕಲಿತುಕೊಂಡು ಹೋಗಿ, ಬ್ಲೇಜಾರ್ ವೈವಾದಲ್ಲಿ ಇದು ಬಂದೇ ಬರುತ್ತದೆ. ಪರೀಕ್ಷಕರು ಕೊನೆಗೆ ಕೆಜಿಎಫ್ ಪುಟ ತಿರುಗಿಸಿ, "ಇದನ್ನ ಪೀಠಿಕೆಯಿಂದ ತೆಗೀಬೇಡಮ್ಮ" ಅಂದರು. ಅದಕ್ಕಿಂತ ಮೊದಲು ವಿಭಾಗದಲ್ಲೇ ಒಬ್ಬರು ಅದನ್ನು ತೆಗೆಯಲು ಹೇಳಿದ್ದರು.

ಉಳಿದದ್ದು ಮುದ್ರಣ. ಬೇರೆಯವರ ಬರಹಕ್ಕೆ ನಮ್ಮದು ಎಷ್ಟು ಹೋಲುತ್ತದೆ ಎಂದು ತೋರಿಸುವ ಸಾಮ್ಯತಾ ವರದಿ ವೈವಾಗೆ ಮುಂಚೆ ಬೇಕು. ಸಮೀಕರಣ ಮತ್ತು ಉಪಕರಣ ವಿವರಣೆಯ ಪುಟಗಳಲ್ಲೇ ಪ್ರತಿಶತ ಏರುವುದು, ಅವನ್ನು ಸ್ವಂತ ಮಾತಿನಲ್ಲಿ ಬರೆಯಿರಿ. ದತ್ತಾಂಶ ಕೊಟ್ಟ ಕೇಂದ್ರಕ್ಕೆ ಕೃತಜ್ಞತೆ ಸಲ್ಲಿಸುವ ಸಾಲು ಕಡ್ಡಾಯವಾಗಿ ಇರಲಿ. ಬಣ್ಣದ ಗ್ರಾಫುಗಳ ಪುಟಗಳನ್ನು ಮಾತ್ರ ಕಲರ್ ಪ್ರಿಂಟ್ ಹಾಕಿಸಿ, ಉಳಿದದ್ದು ಕಪ್ಪುಬಿಳುಪು. ಇಲ್ಲದಿದ್ದರೆ ಪ್ರತಿಯೊಂದರ ಖರ್ಚು ಎರಡರಷ್ಟಾಗುತ್ತದೆ. ಗಟ್ಟಿ ರಟ್ಟಿನ ಬೈಂಡಿಂಗ್ ವೈವಾ ಆದ ಮೇಲೆ ಮಾಡಿಸಿ, ಪರೀಕ್ಷಕರು ಹೇಳಿದ ತಿದ್ದುಪಡಿ ಸೇರಿಸಲು ಜಾಗ ಇರಬೇಕು. ಅದಕ್ಕೆ ಮುಂಚೆ ಸ್ಪೈರಲ್ ಸಾಕು. ನೋ ಡ್ಯೂ ಸಹಿಗೆ ಲೈಬ್ರರಿ, ಲ್ಯಾಬ್, ಹಾಸ್ಟೆಲ್ ಮೂರೂ ಕಡೆ ಹೋಗಬೇಕು, ಹಾಸ್ಟೆಲಿನಲ್ಲಿ ಇಲ್ಲದವರೂ ಕೂಡ.

ನನ್ನ ಸಂರಚನಾ ಫೈಲು, ತುಂಡು ತುಂಡಾಗಿ ಓಡಿಸುವ ಆಜ್ಞೆಗಳು, ಪ್ರತಿ ಸಾಲಿನ ಅರ್ಥ ಕನ್ನಡದಲ್ಲಿ ಬರೆದದ್ದು, ಎಲ್ಲವನ್ನೂ ಒಂದು ಪೆನ್‌ಡ್ರೈವಿನಲ್ಲಿ ಹಾಕಿ ವಿಭಾಗದ ಲ್ಯಾಬ್ ಸಹಾಯಕ ಅಣ್ಣನ ಹತ್ತಿರ ಕೊಟ್ಟಿದ್ದೇನೆ. ನಾಲ್ಕನೇ ಸೆಮಿಸ್ಟರಿನವರು ಯಾರು ಕೇಳಿದರೂ ಕೊಡಿ ಎಂದು ಹೇಳಿದ್ದೇನೆ. ಜೂನಿಯರ್ ಹುಡುಗಿಯೊಬ್ಬಳು ಆಗಲೇ ಬಂದು ಕೇಳಿದಳು. ಅವಳಿಗೆ 3ಸಿ 279 ಬೇಕಂತೆ. ನೆರೆಯಲ್ಲಿ 3ಸಿ 273 ಇದೆ, ಹತ್ತು ಡಿಗ್ರಿ ದೂರ, ಮೊದಲ ದಿನವೇ ಮಾಡೆಲ್‌ನಲ್ಲಿ ಸೇರಿಸಿಕೊ ಎಂದು ಹೇಳಿ ಕಳಿಸಿದೆ.